ನಲವತ್ತಮೂರನೇ ಪುಟದ ಹೆಸರು

ಒಂದು ಕಡೆ ತೆಪ್ಪಗೆ ಕೂರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಸೇರಿದ ಕೋರ್ಸೂ ಅಂಥದ್ದೇ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು "ಏನ್ ಓದಾಕತ್ತೀಯವಾ?" ಎಂದರೆ ಒಂದು ದಿನ ಕಾನೂನು ಅನ್ನುತ್ತೇನೆ, ಇನ್ನೊಂದು ದಿನ ಚರಿತ್ರೆ, ತಲೆ ಕೆಟ್ಟ ದಿನ ಅರ್ಥಶಾಸ್ತ್ರ. ಯಾವುದೂ ಪೂರ್ತಿ ಸುಳ್ಳಲ್ಲ. ಲಿಂಗತ್ವ ಅಧ್ಯಯನದ ಎಂ.ಎ. ಎಂದರೆ ಬಳ್ಳಾರಿಯ ಇಡೀ ವಿಶ್ವವಿದ್ಯಾಲಯ ಸುತ್ತುವ ಕೆಲಸ. ಮೊದಲ ಸೆಮಿಸ್ಟರ್ ಮಾತ್ರ ನಮ್ಮ ವಿಭಾಗದಲ್ಲಿ ಕೂರಿಸಿ ಸಿದ್ಧಾಂತ, ಹೆಣ್ಣುಮಕ್ಕಳ ಹೋರಾಟದ ಚರಿತ್ರೆ ಹೇಳಿದರು. ಎರಡನೆಯದರಲ್ಲಿ ಸಂಶೋಧನಾ ವಿಧಾನ, ಜೊತೆಗೆ ಕಾನೂನು ವಿಭಾಗಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳುವ ಒಂದು ಪತ್ರಿಕೆ. ಮೂರನೆಯದರಲ್ಲಿ ನಮಗೆ ಬೇಕಾದ ಬೇರೆ ವಿಭಾಗದಿಂದ ಒಂದನ್ನು ಆರಿಸಬೇಕು. ನಾನು ಅರ್ಥಶಾಸ್ತ್ರದವರ ಬಳಿ ಹೋಗಿ ದುಡಿಮೆಯ ಬಗ್ಗೆ ಓದಿದೆ. ಆಮೇಲೆ ಮೂವತ್ತು ದಿನ ಕ್ಷೇತ್ರಕಾರ್ಯ. ನಾಲ್ಕನೆಯದು ಹೆಚ್ಚುಕಡಿಮೆ ಪೂರ್ತಿ ಕಿರು ಪ್ರಬಂಧಕ್ಕೇ. ಅದಕ್ಕೆ ಎರಡು ವಿಭಾಗದ ಇಬ್ಬರು ಮಾರ್ಗದರ್ಶಕರು. ಇಬ್ಬರ ಸಹಿಯೂ ಬೀಳಬೇಕು.

ಪಾರ್ವತಿನಗರದ ಚನ್ನಬಸವ ಸರ್ ಅರ್ಥಶಾಸ್ತ್ರದವರು. "ಎಷ್ಟು ತಾಸು ಕೆಲಸ ಮಾಡ್ತಾಳ ಬರಿಯವಾ, ಸಾಕು" ಎನ್ನುವವರು. ನಮ್ಮ ವಿಭಾಗದ ಮೀನಾಕ್ಷಿ ಮೇಡಂ ಅದಕ್ಕೆ ತಿರುಗಾಮುರುಗಾ. "ತಾಸು ಗಡಿಯಾರ ಹೇಳತೈತಿ, ಆಕಿ ಏನ್ ಹೇಳ್ತಾಳ?" ಎನ್ನುತ್ತಿದ್ದರು. ನಾನು ಇಬ್ಬರನ್ನೂ ಸಮಾಧಾನ ಮಾಡಿ ಸಾಕಾಗಿದ್ದೆ. ಸಿರುಗುಪ್ಪದಾಚೆಯ ಹಚ್ಚೊಳ್ಳಿಯಲ್ಲಿ ನೆಲ್ಲು ನಾಟಿ ಮಾಡುವ ಒಬ್ಬ ಹೆಂಗಸಿನ ಹಿಂದೆ ಮೂವತ್ತು ದಿನ ತಿರುಗಿ, ಕಾಲು ಕಾಲು ಗಂಟೆಗೂ ಅವಳು ಏನು ಮಾಡುತ್ತಾಳೆ, ಏನು ಹೇಳುತ್ತಾಳೆ ಎಂದು ಬರೆದಿದ್ದೆ.

ಆ ಹೆಂಗಸು ನಮ್ಮವ್ವ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಮೊದಲ ದಿನ ತರಗತಿಯಲ್ಲಿ ಪರಿಚಯ ಕೇಳಿದಾಗ "ರೈತರ ಮನೆತನ" ಎಂದು ಹೇಳಿಬಿಟ್ಟಿದ್ದೆ. ನಮ್ಮಪ್ಪ ಎರ್ರೆಪ್ಪನಿಗೆ ಅಂಗೈಯಗಲ ಹೊಲವಿಲ್ಲ. ಒಮ್ಮೆ ಆಡಿದ ಮಾತನ್ನು ಎರಡು ವರ್ಷ ಕಾಪಾಡಿಕೊಂಡು ಬಂದೆ.

ಸೋಮವಾರ ಪ್ರಬಂಧ ಒಪ್ಪಿಸಬೇಕಿತ್ತು. ತಪ್ಪಿದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಚನ್ನಬಸವ ಸರ್ ಸಹಿ ಹಾಕಿಯಾಗಿತ್ತು. ಉಳಿದದ್ದು ಒಪ್ಪಿಗೆ ಪತ್ರಕ್ಕೆ ಅವ್ವನ ಸಹಿ, ಅದನ್ನು ನೋಡಿದ ಮೇಲೆ ಮೇಡಂ ಸಹಿ. ಶನಿವಾರ ಬೆಳಿಗ್ಗೆ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎಷ್ಟು ಸಲ ಚೀಲ ತೆಗೆದು ನೋಡಿದೆನೋ, ಪಕ್ಕದವಳು ಬೇಸತ್ತು ಬೇರೆ ಸೀಟಿಗೆ ಹೋದಳು.

ಹಚ್ಚೊಳ್ಳಿಯಲ್ಲಿ ಕಾಲುವೆಗೆ ನೀರು ಬಂದು ನಾಟಿ ಜೋರಾಗಿತ್ತು. ನಾನು ಹೊಲ ಮುಟ್ಟುವ ಹೊತ್ತಿಗೆ ಅವ್ವನ ಗುಂಪಿನವರು ಬದುವಿನ ಮೇಲೆ ಬುತ್ತಿ ಬಿಚ್ಚಿದ್ದರು. ಅವ್ವನ ಗೆಳತಿ ಈರಮ್ಮ ಸರಿದು ಜಾಗ ಕೊಟ್ಟಳು. ಹೋದ ತಿಂಗಳಷ್ಟೇ ಬಾಣಂತನ ಮುಗಿಸಿ ಬಂದಿದ್ದ ಜಯಶ್ರೀ ಕೂಸಿಗೆ ಹಾಲೂಡಿಸುತ್ತಿದ್ದಳು. ನಾನು ಹುಟ್ಟುವ ಮೊದಲಿನಿಂದಲೂ ಮೇಸ್ತ್ರಿಯಾಗಿರುವ ಜಂಬಣ್ಣ ದೂರದ ಬೇವಿನ ಮರದ ಕೆಳಗೆ ಕೂತು ನಮ್ಮ ಕಡೆಗೇ ನೋಡುತ್ತಿದ್ದ. ಸಹಿ ಹಾಕಿಸುವ ಮುಂಚೆ ಬರೆದದ್ದನ್ನು ಓದಿ ಹೇಳಬೇಕು ಎನ್ನುವುದು ನಮ್ಮ ವಿಭಾಗದ ನಿಯಮ. ದನಿ ತಗ್ಗಿಸಿ ನಲವತ್ತಮೂರನೇ ಪುಟ ಓದಿದೆ.

"ವೀರಭದ್ರಮ್ಮ ಹೇಳಿದ್ದು: ಹಿಡಿದ ಮಡಿ ನಾಟಿ ಮುಗಿಯೋ ತನಕ ಬದು ಹತ್ತಂಗಿಲ್ಲ ಅಂತ ಮೇಸ್ತ್ರಿ ಮಾತು. ಬದುವಿನ ಮ್ಯಾಲೆ ಎರಡು ತಿಂಗಳ ಕೂಸು ಅಳಾಕತ್ತಿತ್ತು. ಎದಿ ಹಾಲು ಸೋರಿ ಕುಪ್ಪಸ ತೊಯ್ದಿತ್ತು. ಆದ್ರೂ ಬಗ್ಗಿಕೊಂಡೇ ಇದ್ದೆ."

ಈರಮ್ಮ ಕಿಸಕ್ಕನೆ ನಕ್ಕಳು. "ಯವ್ವಾ, ಗೌಡ್ರ ಮನಿ ವೀರಭದ್ರಮ್ಮ ಯಾವಾಗ ನಾಟಿಗೆ ಇಳಿದ್ಳು?"

ಉಳಿದವರೂ ನಕ್ಕರು. ಅವ್ವ ನಗಲಿಲ್ಲ. ನಾವು ಕೂತಿದ್ದ ಹೊಲ ಆ ವೀರಭದ್ರಮ್ಮನದೇ.

"ನಾನು ಕೆಸರಾಗ ನಿಂತದ್ದನ್ನ ಆಕಿ ಹೆಸರಿಗೆ ಬರದ್ಯಾ?" ಎಂದಳು ಅವ್ವ.

"ಹೆಸರು ಮುಚ್ಚಿಡಬೇಕವ್ವಾ, ರೂಲ್ಸು ಐತಿ."

"ಮುಚ್ಚಿಡು ಅಂತೈತಿ. ಆಕಿದು ಇಡು ಅಂತೈತೇನು?"

ಹಾಸ್ಟೆಲಿನಲ್ಲಿ ಕೂತು ಹೆಸರು ಹುಡುಕುವಾಗ ಒಂದು ತೂಕದ ಹೆಸರು, ನಮ್ಮ ಕೇರಿಯದು ಅನ್ನಿಸದ ಹೆಸರು ಬೇಕೆನಿಸಿತ್ತು. ಚಿಕ್ಕಂದಿನಿಂದ ಎಲ್ಲರೂ ತಗ್ಗಿಸಿದ ದನಿಯಲ್ಲಿ ಹೇಳುತ್ತಿದ್ದ ಆ ಹೆಸರೇ ಬೆರಳಿಗೆ ಬಂತು. ಹೆಣ್ಣಿನ ಶ್ರಮ ಕಣ್ಣಿಗೆ ಬೀಳುವುದಿಲ್ಲ ಎಂದು ಮೂರು ವಿಭಾಗದವರಿಂದ ಹೇಳಿಸಿಕೊಂಡವಳು ನಾನು.

"ಹೊಲ ಆಕಿ ಹೆಸರಿಗೈತಿ," ಅವ್ವ ಬುತ್ತಿ ಕಟ್ಟಿಡುತ್ತಾ ಹೇಳಿದಳು. "ನೆಲ್ಲು ಆಕಿ ಹೆಸರಿಗೆ ಹೋಗತೈತಿ. ನನ್ನ ಸೊಂಟದ ನೋವಾರ ನನ್ನ ಹೆಸರಿಗೆ ಇರ್ಲಿ ಬಿಡು. ಯಂಕಮ್ಮ ಅಂತ ಬರಿ, ಸೈನ್ ಹಾಕ್ತೀನಿ. ಇಲ್ಲಂದ್ರ ಇಲ್ಲ."

ಬದುವಿನ ಮೇಲೆ ಅತ್ತಿತ್ತ ಓಡಾಡುತ್ತಾ ಮೇಡಂಗೆ ಫೋನು ಹಚ್ಚಿದೆ. ಅವರು ಕುರುಗೋಡಿನ ತವರುಮನೆಗೆ ಹೋಗಿದ್ದರು. ಎಲ್ಲ ಕೇಳಿ ಹೇಳಿದರು: "ಆಕಿನ ಬೇಕಂದ್ರ ನಿಜ ಹೆಸರು ಹಾಕಬಹುದು. ಆದ್ರ ಆವಾಗ ಮೇಸ್ತ್ರಿ ಮಾತು ಇರೋ ಪುಟ ತಗೀಬೇಕು. ನಾಳೆ ಆಕಿಗೆ ಕೆಲಸ ತಪ್ಪಿದ್ರ ನೀನು ಕೊಡಿಸ್ತಿಯಾ? ಹೆಸರು ಬೇಕಾ, ಪುಟ ಬೇಕಾ, ಆಕಿನ್ನ ಕೇಳು. ನೀನು ಆರಿಸಬ್ಯಾಡ."

ಅವ್ವನನ್ನು ಕೇಳಿದೆ. ಅಷ್ಟರಲ್ಲಿ ಜಂಬಣ್ಣ ಎದ್ದು ಪಂಚೆ ಕೊಡವಿಕೊಂಡು ಕೂಗಿದ. "ಏನವಾ ಗೌತಮಿ, ಮೀಟಿಂಗ್ ಜೋರೈತಿ! ಏಳ್ರಿ, ಇನ್ನೂ ಎರಡು ಮಡಿ ಅದಾವು!"

ಜಯಶ್ರೀ ಅರ್ಧ ಕುಡಿದ ಕೂಸನ್ನು ಎದೆಯಿಂದ ಬಿಡಿಸಿ, ಜಾಲಿ ಗಿಡಕ್ಕೆ ಕಟ್ಟಿದ್ದ ಸೀರೆ ಜೋಲಿಯಲ್ಲಿ ಹಾಕಿದಳು. ಅದು ಚೀರಿತು. ಅವ್ವ ಅದನ್ನು ನೋಡಿದಳು.

"ಪುಟ ಇರ್ಲಿ," ಎಂದಳು.

"ಹೆಸರು?"

"ಗೌತಮಿ ಅಂತ ಹಾಕು."

"ನನ್ನ ಹೆಸರಾ?"

"ನಿನಗ ಯಾವ ಮೇಸ್ತ್ರಿ ಕೆಲಸ ತಪ್ಪಸ್ತಾನ? ನಾನು ಇಟ್ಟ ಹೆಸರು ಅದು. ನನಗೂ ಅದರಾಗ ಪಾಲೈತಿ."

ಕಾಲುವೆಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿ, ಒಪ್ಪಿಗೆ ಪತ್ರದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಯಂಕಮ್ಮ ಎಂದು ಬರೆದಳು. ಆ ಪತ್ರ ವಿಭಾಗದ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ. ಆಮೇಲೆ ಮಡಿಗೆ ಇಳಿದು ಸಾಲಿನಲ್ಲಿ ಬಗ್ಗಿದಳು. ಹೊರಡುತ್ತೇನೆ ಎಂದು ನಾನು ಕೂಗಿದಾಗ ತಲೆ ಎತ್ತದೆ ಕೈ ಬೀಸಿದಳು.

ಸಂಜೆ ಬಳ್ಳಾರಿಗೆ ಮರಳಿ ಕೌಲ್ ಬಜಾರಿನ ಶೇಖರನ ಅಂಗಡಿಗೆ ಹೋದೆ. ಟೈಪು, ಪ್ರಿಂಟು, ಬೈಂಡು ಎಲ್ಲ ಅವನದೇ. ವೀರಭದ್ರಮ್ಮ ಇದ್ದ ಕಡೆಯೆಲ್ಲ ಗೌತಮಿ ಮಾಡು ಎಂದೆ. ಅವನು ಎರಡು ಗುಂಡಿ ಒತ್ತಿದ. "ನೂರಾ ಹನ್ನೆರಡು ಕಡಿ ಬದಲಾತು ನೋಡಕ್ಕಾ" ಎಂದು ಪರದೆಯನ್ನು ನನ್ನತ್ತ ತಿರುಗಿಸಿದ.

ಗೌತಮಿ ಐದಕ್ಕೆ ಎದ್ದಳು. ಗೌತಮಿ ಎರಡು ಕೊಡ ನೀರು ತಂದಳು. ಗೌತಮಿ ಮಡಿಗೆ ಇಳಿದಳು. ಗೌತಮಿ ಬಗ್ಗಿದಳು. ಹತ್ತೂಕಾಲು, ಗೌತಮಿ ಬಗ್ಗಿದ್ದಾಳೆ. ಹತ್ತೂವರೆ, ಗೌತಮಿ ಬಗ್ಗಿದ್ದಾಳೆ. ಹತ್ತೂಮುಕ್ಕಾಲು, ಗೌತಮಿ ಬಗ್ಗಿದ್ದಾಳೆ. ಬದುವಿನ ಮೇಲೆ ನಿಂತು ನಾನೇ ಬರೆದುಕೊಂಡ ಸಾಲುಗಳು. ಆಗ ಅವು ಬರೀ ಸಾಲುಗಳಾಗಿದ್ದವು. ಈಗ ಸೊಂಟದಲ್ಲಿ ಏನೋ ಹಿಡಿದುಕೊಂಡಂತಾಗಿ ಅಂಗಡಿಯಿಂದ ಹೊರಗೆ ಬಂದೆ. ಪ್ರಿಂಟು ಮುಗಿಯುವವರೆಗೂ ಆಟೋ ಸ್ಟ್ಯಾಂಡಿನ ತನಕ ಹೋಗುವುದು, ಬರುವುದು, ಹೋಗುವುದು, ಬರುವುದು ಮಾಡಿದೆ.

ಭಾನುವಾರ ಬೆಳಿಗ್ಗೆ ಕುರುಗೋಡಿನಲ್ಲಿ ಮೇಡಂ ಎದುರು ನಿಂತೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರು ಹಾಳೆ ಮಗುಚುತ್ತಾ ನಲವತ್ತಮೂರಕ್ಕೆ ಬಂದು ನಿಂತರು.

"ಬ್ಯಾರೆ ಹೆಸರು ಸಿಗಲಿಲ್ಲೇನು ನಿನಗ? ಬರದಾಕಿನೂ ಗೌತಮಿ, ನಾಟಿ ಮಾಡಾಕಿನೂ ಗೌತಮಿ. ನಾಳೆ ಮೌಖಿಕ ಪರೀಕ್ಷೆಗೆ ಹೊರಗಿನವರು ಬಂದು ಕೇಳಿದ್ರ ಏನ್ ಹೇಳ್ತಿ?"

ರೈತರ ಮನೆತನ ಎಂಬ ಹಳೆಯ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ನುಂಗಿದೆ.

"ಆಕಿ ನಮ್ಮವ್ವ ರೀ ಮೇಡಂ."

ಮೇಡಂ ಕನ್ನಡಕ ತೆಗೆದರು. ಬೈಯುತ್ತಾರೆ, ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಸಹಿ ಹಾಕುವುದಿಲ್ಲ ಅನ್ನುತ್ತಾರೆ ಎಂದುಕೊಂಡೆ. ಅವರು ಆ ಪುಟವನ್ನು ಇನ್ನೊಮ್ಮೆ ಓದಿದರು.

"ಮತ್ತ ಬದುವಿನ ಮ್ಯಾಲಿನ ಕೂಸು?"

"ನಾನೇ ರೀ."

ಅವರು ಪೆನ್ನು ತೆಗೆದು ಸಹಿ ಹಾಕಿದರು. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಡುತ್ತಾ ಕೇಳಿದರು: "ಮಡಿ ಮುಗಿದ ಮ್ಯಾಲೆ ಆ ಕೂಸಿಗೆ ಹಾಲು ಸಿಕ್ತಾ?"

ಮೂವತ್ತು ದಿನ ಅವ್ವನ ಬೆನ್ನ ಹಿಂದೆ ತಿರುಗಿದ್ದೆ. ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಹೊತ್ತು ಬಗ್ಗಿದಳು, ಎಲ್ಲ ಬರೆದಿದ್ದೆ.

"ಅದೊಂದು ಕೇಳಿಲ್ರಿ," ಎಂದೆ.

ಕುರುಗೋಡಿನ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ಸೀಟಿದೆ ಬಾ ಎಂದು ಕರೆದ. ಪ್ರಬಂಧ ಒಪ್ಪಿಸಲು ನಾಳೆ ಸಂಜೆಯವರೆಗೆ ಸಮಯವಿತ್ತು. ನಾನು ಸಿರುಗುಪ್ಪದ ಕಡೆಯ ಬಸ್ಸು ಹತ್ತಿದೆ.