ಆಯ್ ಖಾನುಮಿನ ಕೃಷ್ಣ

ಅಮೆರಿಕದ ಪ್ರಾಸ್ಪರ್ ಊರಿನಲ್ಲಿ ಮೋಹನರಾಜನ ಹೊಸ ಮನೆ ನೋಡಲು ಹೋಗಿದ್ದೆ. ದೇವರ ಕೋಣೆಯಲ್ಲಿ ಚೌಕಾಕಾರದ ಬೆಳ್ಳಿ ನಾಣ್ಯವೊಂದಿತ್ತು. ಅದರ ಮೇಲೆ ಚಕ್ರ ಹಿಡಿದ ಕೃಷ್ಣ.

“ಆಯ್ ಖಾನುಮ್‌ದು ಮೇಡಂ. ಅಫ್ಘಾನಿಸ್ತಾನದ ನದಿ ದಂಡೇಲಿ ಗ್ರೀಕರು ಕಟ್ಟಿದ ಊರು. ಎರಡು ಸಾವಿರ ವರ್ಷದ ಹಿಂದೇನೇ ಗ್ರೀಕ್ ರಾಜ ನಮ್ಮ ಕೃಷ್ಣನ್ನ ಹಾಕಿಸಿದ್ದಾನೆ!” ಎಂದ.

ನನಗೆ ಮೈ ಉರಿಯಿತು. ಪುರಾತತ್ವ ಕಲಿಸುವವಳು ನಾನು. ಆ ಊರನ್ನು ಕಳ್ಳರು ಗುಂಡಿ ತೋಡಿ ತೋಡಿ ಲೂಟಿ ಮಾಡಿದ್ದು ನನಗೆ ಗೊತ್ತಿಲ್ಲವೇ?

“ಇದಕ್ಕೆ ಪೇಪರ್ಸ್ ಇದೆಯಾ?”

“ದೇವರಿಗೂ ವೀಸಾ ಕೇಳ್ತೀರಲ್ಲ!” ಎಂದು ನಕ್ಕ.

ಬಗ್ಗಿ ನೋಡಿದೆ. ವಾರವಾರ ಹುಣಸೆಹಣ್ಣು ಹಾಕಿ ಉಜ್ಜಿದ್ದಕ್ಕೆ ಅಂಚಿನ ಬೆಳ್ಳಿ ಸವೆದು, ಒಳಗಿನ ತಾಮ್ರ ಕೆಂಪಗೆ ಇಣುಕುತ್ತಿತ್ತು. ಸದ್ಯ, ಈ ಮನುಷ್ಯ ಕಳ್ಳಮಾಲು ಕೊಂಡಿಲ್ಲ, ಬರೀ ಟೋಪಿ ಹಾಕಿಸಿಕೊಂಡಿದ್ದಾನೆ. ನನಗೆ ಸಮಾಧಾನವಾಯಿತು.

“ಬೇಜಾರು ಮಾಡ್ಕೋಬೇಡಿ, ಇದು ಡೂಪ್ಲಿಕೇಟು” ಎಂದೆ ಮೆಲ್ಲಗೆ.

ಕಾಫಿ ತಂದ ಅವನ ಹೆಂಡತಿ ಕೋಕಿಲಾಗೆ ಚುರುಕ್ಕೆಂದಿತು. “ಗೊತ್ತು ಕಣ್ರೀ. ವಾರವಾರ ಉಜ್ಜೋದಕ್ಕೆ ಯಾರಾದ್ರೂ ಒರಿಜಿನಲ್ ಇಡ್ತಾರಾ? ಅದು ಲಾಕರ್‌ನಲ್ಲಿದೆ.”

ಮೋಹನರಾಜನ ನಗು ನಿಂತಿತು.