ಅಟ್ಟದ ಮೇಲಿನ ಇಪ್ಪತ್ತನೆಯವಳು

"ಹತ್ತೇ ಮುಂಡೆ, ಜೀಪು ಗೇಟಿಗೆ ಬಂತು. ಕುಂಡಿ ಹಿಂಗೆ ಭಾರ ಮಾಡ್ಕಂಡ್ರೆ ನಾನೇನ್ ಹೊತ್ಕಂಡ್ ಹೋಗ್ಲಾ?" ಮೇಸ್ತ್ರಿ ಜವರಪ್ಪ ಏಣಿ ಅಲ್ಲಾಡಿಸಿದ.

ಮಾದಮ್ಮ ಕಾಯಿ ಒಣಹಾಕಿದ ಅಟ್ಟ ಸೇರಿದಳು. ಅರಸೀಕೆರೆಯ ಆ ಮಂಡಿಯಲ್ಲಿ ಚಿಪ್ಪು ಒಡೆದು ಕೊಬ್ಬರಿ ತೆಗೆಯುವ ಆಳುಗಳು ಇಪ್ಪತ್ತು. ಪ್ರಾವಿಡೆಂಟ್ ಫಂಡಿನವರು ಬಂದಾಗಲೆಲ್ಲ ಹತ್ತೊಂಬತ್ತು. ಎಪ್ಪತ್ತೆರಡನೆಯ ಇಸವಿಯಿಂದಲೂ ಕಡಮೆ ಬೀಳುವ ಆಳು ಹೊಲಗೇರಿಯ ಮಾದಮ್ಮನೇ.

ಸಾಹುಕಾರ ಇಂದುಧರ ಸರಿಯಾಗಿ ಅವಳ ಕೆಳಗೆ ಕುರ್ಚಿ ಹಾಕಿಸಿಕೊಂಡು, ಇನ್‌ಸ್ಪೆಕ್ಟರಿಗೆ ಎಳನೀರು ಕೊಡಿಸಿದ.

"ಇಪ್ಪತ್ತು ಜನ ಆದ್ರೆ ಅವರ ಕೂಲೀಲಿ ಒಂದು ಪಾಲು ಹಿಡೀಬೇಕು, ಅಷ್ಟೇ ಪಾಲು ನೀವೂ ಹಾಕ್ಬೇಕು. ಮುಪ್ಪಿಗೆ ಬಡ್ಡಿ ಸಮೇತ ಅವರಿಗೆ ಸೇರುತ್ತೆ. ಹತ್ತೊಂಬತ್ತಾದ್ರೆ ಯಾರಿಗೂ ಇಲ್ಲ," ಎಂದರು ಇನ್‌ಸ್ಪೆಕ್ಟರು.

"ಹತ್ತೊಂಬತ್ತೇ ಕಣ್ರೀ. ಎಣಿಸ್ಕಳಿ."

ಮಾದಮ್ಮ ಅಟ್ಟಕ್ಕೆ ಹಾಸಿದ ಅಡಕೆ ದಬ್ಬೆಗಳ ಸಂದಿಗೆ ಕಿವಿಯಿಟ್ಟಿದ್ದಳು. ಆ ಫಂಡಿನ ಲೆಕ್ಕವನ್ನು ಇಷ್ಟು ಬಿಡಿಸಿ ಕೇಳಿದ್ದು ಇದೇ ಮೊದಲು. ಕಣ್ಣು ಮಂಜಾದ ಚಲುವಮ್ಮ, ಬೆರಳು ಕಳೆದುಕೊಂಡ ಶಿವಯ್ಯ: ತಾನು ಮೇಲಿರುವಷ್ಟು ಕಾಲ ಕೆಳಗಿನ ಯಾರಿಗೂ ಮುಪ್ಪಿನ ದುಡ್ಡು ಬರುವಂತಿರಲಿಲ್ಲ. ತನಗಂತೂ ಆ ಲೆಕ್ಕದಲ್ಲಿ ಹುಟ್ಟೇ ಇರಲಿಲ್ಲ.

ಧೂಳಿಗೆ ಕೆಮ್ಮು ಬಂತು.

"ಏನ್ರೀ ಅದು?"

"ಹೆಗ್ಗಣ," ಎಂದ ಇಂದುಧರ.

"ಹೆಗ್ಗಣ ಕೆಮ್ಮುತ್ತಾ?"

"ಕೊಬ್ಬರಿ ತಿಂದು ಗಂಟ್ಲು ಕಟ್ಟೈತೆ. ನಮ್ಮ ಕಡೆ ಹೆಗ್ಗಣ ಹಂಗೇಯ."

ಇನ್‌ಸ್ಪೆಕ್ಟರು ಒಪ್ಪಿಕೊಂಡು ಎಳನೀರು ಮುಗಿಸಿದರು.

"ನಿಮ್ಮವ್ವ ಹೆಗ್ಗಣ," ಎಂದಿತು ಅಟ್ಟ. "ಇಪ್ಪತ್ತನೇವ್ಳು ನಾನು ಸಾಮಿ, ಮಾದಿ."

"ಏಣಿ ತೆಗಿಯೋ," ಎಂದ ಇಂದುಧರ. ಜವರಪ್ಪ ಏಣಿ ಹೊತ್ತು ಹಿತ್ತಲಿಗೆ ನಡೆದ.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ದನಿ ಲೆಕ್ಕಕ್ಕೆ ಬರಲ್ಲಮ್ಮ. ಆಳು ಕಣ್ಣಿಗೆ ಕಾಣ್ಬೇಕು."

"ಕಣ್ಣಿಗೆ ಬಿದ್ದ್ಯೋ, ನಾಳೆಯಿಂದ ಕೂಲಿ ಇಲ್ಲ ನೋಡು," ಎಂದ ಸಾಹುಕಾರ ಅಟ್ಟದತ್ತ ಮುಖವೆತ್ತಿ.

ಮಾದಮ್ಮನ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆ ಕೂಲಿಯೊಂದರಿಂದಲೇ. ಆದರೂ ಮೇಲೆ ಕಾಯಿಗಳು ಉರುಳಿದವು. ದಬ್ಬೆಯೊಂದು ಲಟಕ್ಕನೆ ಮುರಿಯಿತು. ಹಿಮ್ಮಡಿ ಬಿರಿದ ಎರಡು ಕಪ್ಪು ಪಾದಗಳು ಇಳಿದು, ಇಂದುಧರನ ನೆತ್ತಿಯಿಂದ ಗೇಣು ಮೇಲೆ ನಿಂತವು.

"ತಲೆ ಕಾಣ್ದಿದ್ರೆ ಕಾಲು ಎಣಿಸ್ಕಳಿ ಸಾಮಿ. ಅರ್ಧ ಮಾಡ್ಕಂಡ್ರಾಯ್ತು."

ಚಲುವಮ್ಮ ಕಿಸಕ್ಕನೆ ನಕ್ಕಳು. ಇನ್‌ಸ್ಪೆಕ್ಟರು ಕಾಲು ಎರಡು ಎಂದು ಬರೆದು, ಅರ್ಧ ಮಾಡದೆ ಪೆನ್ನು ನಿಲ್ಲಿಸಿದರು.

ಇಂದುಧರ ಏಳಹೋಗಿ ಕುಕ್ಕರಿಸಿದ. ಎದ್ದರೆ ನೆತ್ತಿ ಆ ಪಾದಗಳಿಗೆ ತಗಲುತ್ತದೆ. ಬಗ್ಗಿ ಸರಿದರೆ ಆಳುಗಳೆದುರು ಅವಕ್ಕೆ ನಮಸ್ಕರಿಸಿದಂತೆ. ಏಣಿ ತರಿಸಿದರೆ ಅವಳು ಇಳಿಯುತ್ತಾಳೆ, ಲೆಕ್ಕ ಇಪ್ಪತ್ತಾಗುತ್ತದೆ. ಅವನು ಕುಳಿತೇ ಇದ್ದ.

ಮೇಲೆ ಎರಡನೆಯ ದಬ್ಬೆ ಮುರಿಯಿತು.