ಒಳಗೆ ಬಿಟ್ಟ ಬಟ್ಟೆ

ಸುಧಾಮಣಿ ಬಾಗಿದ ಸೂಜಿಯನ್ನು ಮತ್ತೊಮ್ಮೆ ಬಟ್ಟೆಯೊಳಗೆ ತೂರಿಸಿ ಎಳೆದಳು. ಇನ್ನು ನಾಲ್ಕು ಹೊಲಿಗೆ. ಮೂವತ್ತು ವರ್ಷ ರವಿಕೆ ಹೊಲಿದ ಕೈ ಇವತ್ತು ವಿಮಾನದ ಬಾಲ ಹೊಲಿಯುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದ ಆ ಯುದ್ಧವಿಮಾನ ಕೊಯಮತ್ತೂರಿನ ಪ್ರದರ್ಶನಕ್ಕೆ ಹೊರಟು, ಎಣ್ಣೆ ಸೋರಿದ್ದರಿಂದ ನಿನ್ನೆ ಹರದನಹಳ್ಳಿಯ ಬೀಳುಹೊಲದಲ್ಲಿ ಇಳಿದಿತ್ತು. ಜಾಲಿಮುಳ್ಳಿಗೆ ಸಿಕ್ಕಿ ಬಾಲದ ಬಟ್ಟೆ ಮೊಳದುದ್ದ ಹರಿದಿತ್ತು. ಜೀಪಿನಲ್ಲಿ ಬಂದ ಮೆಕ್ಯಾನಿಕ್ ಎಂಜಿನ್ ಸರಿಮಾಡುತ್ತಾ ಕೈ ಸುಟ್ಟುಕೊಂಡಿದ್ದ. ಹಾಗಾಗಿ ಪೈಲಟ್ ಶಿವರುದ್ರಸ್ವಾಮಿ ಊರಲ್ಲಿ ದರ್ಜಿ ಯಾರೆಂದು ಕೇಳಿಕೊಂಡು ಬಂದಿದ್ದರು. ಗುಂಡ್ಲುಪೇಟೆ ಕಡೆಯವರು, ವಾಯುಪಡೆಯಿಂದ ನಿವೃತ್ತರು.

"ಬಟ್ಟೆ ಬಿಗಿಯಾಗಿರಬೇಕು ತಾಯಿ. ಒಳಗೆ ಸಡಿಲ ಇದ್ರೆ ಗಾಳಿಗೆ ಬಡ್ಕೊಂಡು ಬಾಲ ನಡುಗುತ್ತೆ. ನಡುಗಿದ್ರೆ ನಾನಿಲ್ಲ," ಎಂದು ಮೊದಲೇ ಹೇಳಿದ್ದರು.

"ಬಾಲಕ್ಕೆ ಬಟ್ಟೆನಾ? ನಾನು ತಗಡು ಅನ್ಕಂಡಿದ್ದೆ ಕಣ್ಲಾ," ಎಂದ, ನೋಡಲು ನೆರೆದ ಜನರ ನಡುವೆ ನಿಂತಿದ್ದ ಪಕ್ಕದ ಹೊಲದ ಮಾರಯ್ಯ.

"ನಿನ್ ಪಂಚೆ ಕೊಡ್ಲಾ, ತ್ಯಾಪೆ ಹಾಕನ," ಎಂದ ಸುಧಾಮಣಿಯ ಗಂಡ ಸೋಮೇಶ್.

ಅವಳು ದಾರ ಕಡಿದಳು. ಶಿವರುದ್ರಸ್ವಾಮಿ ಹೆಬ್ಬೆರಳಿನಿಂದ ಒತ್ತಿ ನೋಡಿ, "ಚೆನ್ನಾಗಿದೆ," ಎಂದು ಹೊಲಿಗೆಯ ಮೇಲೆ ಬಳಿಯುವ ವಾರ್ನಿಷಿನ ಡಬ್ಬಿ ಎತ್ತಿಕೊಂಡರು.

ಆಗಲೇ ಅವಳಿಗೆ ತಾನು ಮಾಡಿದ್ದು ಹೊಳೆಯಿತು. ಅಂಚಿನ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಳು. ಹೆಣ್ಣುಮಕ್ಕಳು ಮೈತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಲು ಪ್ರತಿ ರವಿಕೆಯಲ್ಲೂ ಬಿಡುವಂಥದ್ದು. ಕೈ ತಾನೇ ಬಿಟ್ಟುಬಿಟ್ಟಿತ್ತು. ವಾರ್ನಿಷ್ ಬಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಊರೆಲ್ಲ ನಗುತ್ತದೆ. ಒಮ್ಮೆ ಹಾಲು ಉಕ್ಕಿಸಿದ್ದನ್ನು ಗಂಡನ ಮನೆಯವರು ಹತ್ತು ವರ್ಷ ಆಡಿಕೊಂಡಿದ್ದರು. ಅಂದಿನಿಂದ ತಪ್ಪು ಮುಚ್ಚುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು.

"ಹಚ್ಚಬ್ಯಾಡಿ ಸಾರ್," ಎಂದಳು. "ತಪ್ಪು ಮಾಡ್ಬುಟ್ಟೆ. ಮುಂದೆ ದಪ್ಪ ಆದ್ರೆ ಬಿಚ್ಚಕೆ ಅಂತ ಒಳಗೆ ಬಟ್ಟೆ ಬುಟ್ಟಿವ್ನಿ."

"ಇವ್ಳೊಬ್ಳು! ಇಮಾನ ಏನು ಬಸುರಿ ಆದದಾ?" ಎಂದ ಸೋಮೇಶ್. ಹೊಲವೆಲ್ಲ ನಕ್ಕಿತು.

ಶಿವರುದ್ರಸ್ವಾಮಿ ಡಬ್ಬಿ ಕೆಳಗಿಟ್ಟು ಬದುವಿನ ಮೇಲೆ ಕೂತರು. "ಈ ನನ್ನ ವಿಮಾನ ಎಂಬತ್ತು ದಾಟಿದ ಮುದುಕಿ, ತಾಯಿ, ಇನ್ನು ದಪ್ಪ ಆಗಲ್ಲ. ಬಿಚ್ಚಿ ಹೊಲೀರಿ, ಕಾಯ್ತೀನಿ." ಆಮೇಲೆ ಮೆಲ್ಲಗೆ, "ಹೀಗೆ ಬಾಯಿಬಿಟ್ಟು ಹೇಳೋರು ಇರೋದ್ರಿಂದ್ಲೇ ಇವು ಇನ್ನೂ ಹಾರ್ತಾ ಇವೆ. ನಾನೂ ಉಳ್ಕೊಂಡಿದೀನಿ," ಎಂದರು.

ಅವಳು ಬಿಚ್ಚಿ ಹೊಲಿದು ಮುಗಿಸುವವರೆಗೂ ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ವಾರ್ನಿಷ್ ಒಣಗಿ, ಇಳಿಹೊತ್ತಿಗೆ ವಿಮಾನ ದೂಳೆಬ್ಬಿಸಿ ಓಡಿ ಮೇಲೆದ್ದಿತು. ಸುಧಾಮಣಿ ಬಾಲವನ್ನೇ ನೋಡುತ್ತಿದ್ದಳು. ನಡುಗಲಿಲ್ಲ. ಅದು ಚುಕ್ಕೆಯಾಗುವವರೆಗೆ ಕೈಮುಗಿದು ನಿಂತಳು. ತಪ್ಪು ಮಾಡಿದವಳಿಗಾಗಿ ಯಾರಾದರೂ ಸುಮ್ಮನೆ ಕೂತು ಕಾದದ್ದು ಅವಳ ಬದುಕಿನಲ್ಲಿ ಇದೇ ಮೊದಲು.

ಮನೆಯ ದಾರಿಯಲ್ಲಿ ಸೊಸೆ ಭವ್ಯ ನೆನಪಾದಳು. ಹೋದ ವಾರ ರವಿಕೆಯ ತೋಳು ತಪ್ಪಾಗಿ ಕತ್ತರಿಸಿದಳೆಂದು, ಸುಧಾಮಣಿ ಗಿರಾಕಿಗಳ ಎದುರೇ ಬೈದು ಅವಳ ಕೈಯಿಂದ ಕತ್ತರಿ ಕಿತ್ತುಕೊಂಡಿದ್ದಳು. ನಾಳೆ ಕತ್ತರಿಯನ್ನು ಅವಳ ಕೈಗೇ ಕೊಡಬೇಕು; ತಪ್ಪಿದರೆ ಪಕ್ಕದಲ್ಲಿ ಕೂತು ಕಾಯಬೇಕು.

"ಏನಮ್ಮಿ, ಯೋಚ್ನೆ ಮಾಡ್ತಾ ಇದ್ದೀಯೆ?" ಎಂದ ಸೋಮೇಶ್.

"ಏನಿಲ್ಲ, ನಡೀರಿ," ಎಂದಳು.